ಥಾರ್‌ಗೆ ಸಿಂಪಲ್ ಹಿಂದಿನ ಬಂಪರ್: ಪೈಪಾ, ಬಾಕ್ಸಾ, ಶೀಟಾ?

ಕೊರಟಗೆರೆ ಕಡೆ ಇರೋ ನಮ್ ತೋಟಕ್ಕೆ ಹತ್ತಿರದ ದಾರಿ ಅಂದ್ರೆ ಜಯಮಂಗಲಿ ಹೊಳೆ ದಾಟ್ಕೊಂಡು ಹೋಗೋದು. ಮಳೆಗಾಲ ಬಿಟ್ರೆ ಅದು ಬರೀ ಮರಳು, ಇಳಿಯುವಾಗ ಏನೂ ಆಗಲ್ಲ. ಆ ಕಡೆ ದಡ ಹತ್ತುವಾಗ ಗಾಡಿ ಮೂತಿ ಮೇಲೇಳುತ್ತೆ, ಬಾಲ ಕೂರುತ್ತೆ, ಆಗ ಹಿಂದಿನ ಪ್ಲಾಸ್ಟಿಕ್ ಬಂಪರ್ ಹೋಗಿ ನೆಲಕ್ಕೆ ಕುಟ್ಟುತ್ತೆ. ಮಹೀಂದ್ರ ಥಾರ್ ಜೀಪು ತಗೊಂಡು ಎರಡನೇ ಮಳೆಗಾಲಕ್ಕೇ ಎಡಗಡೆ ಮೂಲೆ ಕ್ಲಿಪ್ಪೆಲ್ಲ ಕಿತ್ತು ಜೋತಾಡ್ತಿತ್ತು, ನಾನು ಅದನ್ನ ಬೈಂಡಿಂಗ್ ವೈರಲ್ಲಿ ಕಟ್ಕೊಂಡು ಮೂರು ತಿಂಗಳು ಓಡಿಸಿದೀನಿ. ಆಮೇಲೆ ನನ್ನ ಗಾಡಿಗೇ ಎರಡು ಸಲ ಬಂಪರ್ ಮಾಡ್ಸಿದೆ, ಭಾವನ ಜಿಪ್ಸಿಗೆ ಒಂದು, ಚಿಂತಾಮಣಿ ಕಡೆಯ ಸ್ನೇಹಿತರೊಬ್ಬರ ಗೂರ್ಖಾಗೆ ಒಂದು, ಎಲ್ಲಕ್ಕೂ ವೆಲ್ಡಿಂಗ್ ಶಾಪಲ್ಲಿ ಪಕ್ಕದಲ್ಲೇ ನಿಂತಿದ್ದೆ. ಯಾವ್ದು ಮಾಡ್ಸೋದು ಅಂತ ಕೇಳೋರು ಜಾಸ್ತಿ ಆಗಿದಾರೆ, ಅದಕ್ಕೆ ಒಂದೇ ಸಲ ಎಲ್ಲಾ ಬರೀತಿದೀನಿ.

ಮೊದಲು ಒಂದು ವಿಷ್ಯ. ಸಿಂಪಲ್ ಬಂಪರ್‌ಗೆ ಇರೋದು ಎರಡೇ ಕೆಲಸ. ಹಳ್ಳ ಹತ್ತುವಾಗ ನೆಲಕ್ಕೆ ತಾಗಬಾರದು, ಸಿಕ್ಕಾಕೊಂಡ್ರೆ ಚಾಸಿಯಿಂದ (ಗಾಡಿ ಅಡಿಗಿರೋ ಕಬ್ಬಿಣದ ಚೌಕಟ್ಟು) ಎಳೆಯೋಕೆ ಗಟ್ಟಿ ಜಾಗ ಕೊಡ್ಬೇಕು. ಹತ್ತೋಕೆ ಮೆಟ್ಟಿಲು, ಜೆರ್ರಿ ಕ್ಯಾನ್ ಸ್ಟ್ಯಾಂಡು, ನಾಲ್ಕು ಎಕ್ಸ್‌ಟ್ರಾ ಲೈಟು, ಇವೆಲ್ಲ ಸೇರಿಸ್ತಾ ಹೋದ್ರೆ ಹಿಂದಿನ ಆ್ಯಕ್ಸಲ್ ಆಚೆಗೆ ನೇತಾಡೋ ತೂಕ ಜಾಸ್ತಿ ಆಗುತ್ತೆ, ಬಾಲ ಇನ್ನೂ ಕೆಳಗೆ ಕೂರುತ್ತೆ, ಯಾವ ಕಾರಣಕ್ಕೆ ಮಾಡ್ಸೋಕೆ ಹೊರಟ್ರೋ ಅದೇ ಕೆಟ್ಟೋಗುತ್ತೆ. ಆ ಎರಡು ಕೆಲಸದಲ್ಲಿ ನಿಮಗೆ ಯಾವ್ದು ಮುಖ್ಯ ಅನ್ನೋದ್ರ ಮೇಲೇ ಪೈಪಾ ಬಾಕ್ಸಾ ಶೀಟಾ ಅನ್ನೋದು ತೀರ್ಮಾನ ಆಗ್ಬೇಕು.

ಶಾಪಿಗೆ ಹೋಗೋಕೆ ಮುಂಚೆ ಮನೇಲೇ ಅಳತೆ ಮಾಡ್ಕೊಳ್ಳಿ. ಸಮನಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ನೆಟ್ಟಗಿರೋ ಒಂದು ಮರದ ರೀಪರ್ ತಗೊಂಡು ಹಿಂದಿನ ಟೈರ್ ಹಿಂಭಾಗಕ್ಕೂ ಬಂಪರ್‌ನ ಅತಿ ಕೆಳಗಿನ ಅಂಚಿಗೂ ಎರಡೂ ತಾಗೋ ಹಾಗೆ ಇಡಿ, ರೀಪರ್ ಮೇಲೆ ಮೊಬೈಲ್ ಇಟ್ಟು ಲೆವೆಲ್ ನೋಡೋ ಆ್ಯಪಲ್ಲಿ ಎಷ್ಟು ಡಿಗ್ರಿ ಬರುತ್ತೆ ನೋಡಿ. ಅದೇ ಡಿಪಾರ್ಚರ್ ಆ್ಯಂಗಲ್, ಬಾಲ ತಾಗದೆ ಎಷ್ಟು ಕಡಿದಾದ ದಡ ಹತ್ಬಹುದು ಅನ್ನೋ ಲೆಕ್ಕ. 2020ರಲ್ಲಿ ಬಂದ ಥಾರ್‌ಗೆ ಕಂಪ್ನಿ ಹೇಳೋದು 36.8 ಡಿಗ್ರಿ, ಮುಂದಿನದು 41.8. ಅಂದ್ರೆ ಮುಂದಿನ ಚಕ್ರ ಸಲೀಸಾಗಿ ಹತ್ತಿದ ದಡದಲ್ಲೇ ಬಾಲ ತಾಗೋ ಸಾಧ್ಯತೆ ಇದೆ. ಆಮೇಲೆ ಗಾಡಿ ಕೆಳಗೆ ಮಲಗಿ ನೋಡಿ, ಬಂಪರ್ ಬಿಚ್ಚಿಬಿಟ್ರೆ ಮುಂದೆ ತಾಗೋದು ಯಾವ್ದು? ಸೈಲೆನ್ಸರ್ ತುದಿನಾ, ಚಾಸಿ ತುದಿನಾ, ಕಂಪ್ನಿ ಕೊಟ್ಟ ಎಳೆಯೋ ಕೊಂಡಿನಾ? ಸೈಲೆನ್ಸರ್ ಪೈಪೇ ಕೆಳಗೆ ಇಳಿದಿದ್ರೆ ಎಷ್ಟು ಚೆಂದದ ಬಂಪರ್ ಹಾಕ್ಸಿದ್ರೂ ಆ್ಯಂಗಲ್ ಹೆಚ್ಚಲ್ಲ, ಮೊದಲು ಆ ಪೈಪ್ ತುದಿ ಮೇಲಕ್ಕೋ ಪಕ್ಕಕ್ಕೋ ತಿರುಗಿಸ್ಕೋಬೇಕು.

ಇನ್ನು ಆಯ್ಕೆಗಳಿಗೆ ಬರೋಣ. ಕಡಿಮೆ ಖರ್ಚಿಂದು ಅಂದ್ರೆ ಏನೂ ಮಾಡಿಸ್ದೆ, ಈಗಿರೋ ಪ್ಲಾಸ್ಟಿಕ್ಕನ್ನೇ ಕೆಳಗಿಂದ ಕತ್ತರಿಸೋದು. ಮಾಸ್ಕಿಂಗ್ ಟೇಪ್ ಅಂಟಿಸಿ ಗೆರೆ ಹಾಕಿ ಸಣ್ಣ ಹಲ್ಲಿನ ಬ್ಲೇಡಲ್ಲಿ ನಿಧಾನಕ್ಕೆ ಕೊಯ್ದು ಅಂಚನ್ನ ಅರದಲ್ಲಿ ಉಜ್ಜಿದ್ರೆ ಅರ್ಧ ದಿನದ ಕೆಲಸ. ವರ್ಷಕ್ಕೆ ನಾಲ್ಕು ಸಲ ದೇವರಾಯನದುರ್ಗದ ಕಡೆ ಕಚ್ಚಾ ದಾರೀಲಿ ಓಡಾಡಿ ಬರೋರಿಗೆ ನಾನು ಇದನ್ನೇ ಹೇಳೋದು. ತೂಕ ಇಳಿಯುತ್ತೆ, ಯಾರೂ ಪ್ರಶ್ನೆ ಕೇಳಲ್ಲ. ಎಳೆಯೋಕೆ ಮಾತ್ರ ಇದ್ರಿಂದ ಏನೂ ಸಿಗಲ್ಲ.

ಪೈಪ್ ಬಂಪರ್ ಎಲ್ಲಾ ಕಡೆ ಸಿಗುತ್ತೆ, ಗೇಟು ಗ್ರಿಲ್ಲು ಮಾಡೋ ಶಾಪಲ್ಲೂ ಮಾಡ್ಕೊಡ್ತಾರೆ. ಸಾಮಾನ್ಯವಾಗಿ ಒಂದೂವರೆ ಇಂಚಿನ ಪೈಪ್. ಒಂದು ವಿಷ್ಯ ನೆನಪಿರ್ಲಿ, ನೀರಿನ ಪೈಪಿನ ಲೆಕ್ಕದಲ್ಲಿ ಒಂದೂವರೆ ಅಂದ್ರೆ ಹೊರಗಿನ ಅಳತೆ 48.3 ಮಿಮೀ ಬರುತ್ತೆ, ಫರ್ನಿಚರ್ ಟ್ಯೂಬಿನ ಲೆಕ್ಕದಲ್ಲಿ 38, ಶಾಪಲ್ಲಿ ಯಾವ ಲೆಕ್ಕ ಅಂತ ಕೇಳ್ಕೊಳ್ಳಿ. ನೀರಿನ ಪೈಪಲ್ಲಿ ಎ, ಬಿ, ಸಿ ಅಂತ ಕ್ಲಾಸ್ ಇದೆ, ಬಿ ಕ್ಲಾಸಲ್ಲಿ ದಪ್ಪ ಮೂರು ಮಿಮೀ ಮೇಲೆ, ತೂಕ ಮೀಟರಿಗೆ ಮೂರೂವರೆ ಕೆಜಿ ಚಿಲ್ಲರೆ. ಎರಡು ಅಡ್ಡ ಪೈಪ್, ನಡುವೆ ತುಂಡು, ಎಲ್ಲಾ ಸೇರಿ ನಾಲ್ಕು ಮೀಟರ್ ಹಿಡಿದ್ರೆ 14 ಕೆಜಿ ಸುಮಾರು. ಹಗುರ, ಮೂಲೆ ದುಂಡಗಿರುತ್ತೆ, ಕೆಸರು ನಿಲ್ಲಲ್ಲ, ಬಂಡೆಗೆ ಉಜ್ಜಿದ್ರೆ ಜಾರ್ಕೊಂಡು ಹೋಗುತ್ತೆ. ಬಿಳಿ ಜಿಐ ಪೈಪ್ ಮಾತ್ರ ಬೇಡ ಅನ್ನಿ, ಕರಿ ಪೈಪ್ ತರ್ಸಿ. ಜಿಐ ಮೇಲಿನ ಸತು ವೆಲ್ಡಿಂಗ್ ಬಿಸಿಗೆ ಹೊಗೆಯಾಗಿ ಏಳುತ್ತೆ, ಅದನ್ನ ಕುಡಿದ ವೆಲ್ಡರ್‌ಗೆ ಅವತ್ತು ರಾತ್ರಿ ಚಳಿಜ್ವರ ಬರುತ್ತೆ, ವೆಲ್ಡಿಂಗಲ್ಲೂ ತೂತು ಬೀಳುತ್ತೆ.

ನನ್ನ ಮೊದಲನೇ ಬಂಪರ್ ಪೈಪಿಂದೇ. ನೋಡೋಕೆ ತುಂಬಾ ಚೆನ್ನಾಗಿತ್ತು. ಒಂದು ಸಂಜೆ ಕೆರೆ ಅಂಗಳದ ಗೋಡುಮಣ್ಣಲ್ಲಿ ಪಕ್ಕದ ತೋಟದವರ ಟಾಟಾ ಏಸ್ ಹೂತ್ಕೊಂಡಿತ್ತು, ಹಿಂದೆ ಅರ್ಧ ಲೋಡ್ ಟೊಮೆಟೊ. ಬೆಲ್ಟ್ ತಂದು ಕೆಳಗಿನ ಪೈಪಿನ ನಡುಮಧ್ಯಕ್ಕೆ ಸುತ್ತಿ ಎಳೆದೆ. ಮೊದಲು ಪೈಪ್ ಬಿಲ್ಲಿನ ಥರ ಬಾಗ್ತು, ಎರಡನೇ ಸಲ ಎಳೆದಾಗ ಬಂದೂಕು ಹೊಡೆದಂಗೆ ಸದ್ದಾಗಿ ಎಡಗಡೆ ಬ್ರಾಕೆಟ್ ಕಿತ್ತು ಬಂತು. ಹುಡುಗರು ಪಕ್ಕಕ್ಕೆ ಸರ್ಕೊಂಡಿದ್ರು, ಬೆಲ್ಟ್ ನೇರಕ್ಕೆ ನಿಂತಿದ್ರೆ ಏನಾಗ್ತಿತ್ತೋ, ಇವತ್ತಿಗೂ ನೆನೆಸ್ಕೊಂಡ್ರೆ ಎದೆ ಝಲ್ ಅನ್ನುತ್ತೆ. ಬಿಚ್ಚಿ ನೋಡಿದ್ರೆ ಬ್ರಾಕೆಟ್ ಮೂರೇ ಮಿಮೀ ತಗಡು, ವೆಲ್ಡಿಂಗ್ ಒಂದೇ ಬದಿಗೆ, ಅದೂ ಮೇಲ್ಮೇಲೆ ಕೂತಿದ್ದು, ಒಳಕ್ಕೆ ಇಳಿದೇ ಇರ್ಲಿಲ್ಲ. ಶಾಪ್ ಯಾವ್ದು ಅಂತ ಹೇಳೋದು ಬೇಡ, ಎಳೆಯೋ ಕೆಲಸಕ್ಕೂ ಬೇಕು ಅಂತ ನಾನೂ ಅವರಿಗೆ ಹೇಳಿರ್ಲಿಲ್ಲ, ಅವರೂ ಕೇಳಿರ್ಲಿಲ್ಲ. ಎರಡನೇ ಸಲ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾ ಕಡೆ ಹೋದಾಗ ವಯಸ್ಸಾದ ಮೇಸ್ತ್ರಿಯೊಬ್ಬರು ಗಾಡಿ ಕೆಳಗೆ ಬಗ್ಗಿ ನೋಡಿ ಮೊದಲು ಕೇಳಿದ್ದೇ ಇದು, "ಸಾರ್, ಇದ್ರಲ್ಲಿ ಎಳೀತೀರಾ? ಎಳೆಯೋದಾದ್ರೆ ಈಗ್ಲೇ ಹೇಳ್ಬಿಡಿ, ಪ್ಲೇಟ್ ಬೇರೆ ಹಾಕ್ಬೇಕಾಗುತ್ತೆ." ಆ ಮಾತು ಕೇಳಿದ ತಕ್ಷಣ ಕೆಲಸ ಅವರಿಗೇ ಕೊಟ್ಟೆ.

ಅವರು ಹೇಳಿದ್ದು ಬಾಕ್ಸ್ ಸೆಕ್ಷನ್, ಅಂದ್ರೆ ಒಳಗೆ ಟೊಳ್ಳಾಗಿರೋ ಆಯತಾಕಾರದ ಕಬ್ಬಿಣದ ತೊಲೆ. 100 ಮಿಮೀಗೆ 50 ಮಿಮೀ, ಗೋಡೆ ದಪ್ಪ ನಾಲ್ಕು ಮಿಮೀ. ಮೀಟರಿಗೆ ಎಂಟೂವರೆ ಕೆಜಿ ಮೇಲೆ ತೂಗುತ್ತೆ, 1.4 ಮೀಟರ್ ಉದ್ದಕ್ಕೆ 12 ಕೆಜಿ, ಚಾಸಿಗೆ ಕೂರೋ ಎಂಟು ಮಿಮೀ ಪ್ಲೇಟು, ಶ್ಯಾಕಲ್ (ಬೆಲ್ಟ್ ಸಿಕ್ಕಿಸೋ U ಆಕಾರದ ಕೊಂಡಿ) ಹಾಕೋ ಪ್ಲೇಟು, ಎಲ್ಲಾ ಸೇರಿ 20 ಕೆಜಿ ಒಳಗೇ ಮುಗೀತು. ಒಂದೇ ನೇರ ತೊಲೆ, ಎರಡು ತುದಿ ಕೆಳಗಿಂದ ಓರೆಯಾಗಿ ಕೊಯ್ದು ಮುಚ್ಚಿದ್ದು, ಅಷ್ಟೇ. ಬಂಡೆಗೆ ಮೊದಲು ತಾಗೋದು ಯಾವಾಗ್ಲೂ ಮೂಲೇನೇ, ತಿರುಗಿಸುವಾಗ ಅಂತೂ ಖಂಡಿತ, ಹಾಗಾಗಿ ಆ ಓರೆ ಕಟಿಂಗ್ ಬಿಡ್ಬೇಡಿ. 100ರ ಬದಿ ನಿಲ್ಲಿಸ್ಬೇಕಾ ಮಲಗಿಸ್ಬೇಕಾ ಅನ್ನೋದು ಇನ್ನೊಂದು ಪ್ರಶ್ನೆ. ಮಲಗಿಸಿದ್ರೆ ಹಿಂದಿನಿಂದ ಬೀಳೋ ಪೆಟ್ಟು ಚೆನ್ನಾಗಿ ತಡ್ಕೊಳ್ಳುತ್ತೆ, ಕೆಳ ಅಂಚೂ ಮೇಲಿರುತ್ತೆ, ಆದ್ರೆ ಹಿಂದಕ್ಕೆ ಹತ್ತು ಸೆಂಟಿಮೀಟರ್ ಚಾಚುತ್ತೆ. ನಿಲ್ಲಿಸಿದ್ರೆ ಚಾಚೋದು ಐದೇ ಸೆಂಟಿಮೀಟರ್, ಚಾಸಿ ತುದಿಯ ಎತ್ತರಕ್ಕೂ ಸರಿಯಾಗಿ ಕೂರುತ್ತೆ. ನಾನು ನಿಲ್ಲಿಸ್ದೆ. ಅದೇ ರೀಪರ್ ಇಟ್ಟು ನೋಡಿದಾಗ ಪ್ಲಾಸ್ಟಿಕ್ ಇದ್ದಾಗಿಗಿಂತ ಐದು ಡಿಗ್ರಿ ಹೆಚ್ಚು ಬಂತು, ಹೊಳೆ ದಡದಲ್ಲಿ ಈಗ ತಾಗೋದೇ ಇಲ್ಲ.

ಶ್ಯಾಕಲ್ ಪ್ಲೇಟ್ ಹೇಗೆ ಹಾಕಿದ್ರು ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಇಡೀ ಬಂಪರಲ್ಲಿ ಪ್ರಾಣ ಉಳಿಸೋ ಜಾಗ ಅದು. ತುಂಬಾ ಕಡೆ ಬಾಕ್ಸಿನ ಮುಖಕ್ಕೆ ಒಂದು ಕಿವಿ ಅಂಟಿಸಿ ಸುತ್ತ ವೆಲ್ಡಿಂಗ್ ಹೊಡೀತಾರೆ, ಎಳೆದಾಗ ಭಾರ ಎಲ್ಲಾ ಆ ನಾಲ್ಕು ಮಿಮೀ ಗೋಡೆ ಮೇಲೆ ಬೀಳುತ್ತೆ, ಗೋಡೆ ಸಮೇತ ಕಿತ್ತು ಬರುತ್ತೆ. ಮೇಸ್ತ್ರಿ ಹಾಗೆ ಮಾಡ್ಲಿಲ್ಲ. ಬಾಕ್ಸಿನ ಮುಂದಿನ ಗೋಡೆಗೂ ಹಿಂದಿನ ಗೋಡೆಗೂ ಸೀಳು ಕೊಯ್ದು 20 ಮಿಮೀ ಪ್ಲೇಟನ್ನ ಆರಪಾರ ತೂರಿಸಿದ್ರು, ಪ್ಲೇಟಿನ ಒಳತುದಿ ಹೋಗಿ ಚಾಸಿಗೆ ಬೋಲ್ಟ್ ಆಗೋ ಪ್ಲೇಟಿಗೆ ಸೇರಿತು, ಎಲ್ಲಾ ಕಡೆ ಅಂಚು ಗ್ರೈಂಡರಲ್ಲಿ ಓರೆ ಮಾಡ್ಕೊಂಡು ವೆಲ್ಡಿಂಗ್ ತುಂಬಿದ್ರು. ಮುಕ್ಕಾಲು ಇಂಚಿನ ಶ್ಯಾಕಲ್ ಮೇಲೆ 4¾ ಟನ್ ಅಂತ ಒತ್ತಿರುತ್ತೆ, ಅದರ ಪಿನ್ 22 ಮಿಮೀ ದಪ್ಪ, ಹಾಗಾಗಿ ತೂತು 25 ಇದ್ರೆ ಸಾಕು, ತೂತಿನ ಅಂಚಿಂದ ಪ್ಲೇಟ್ ಅಂಚಿಗೆ ಕಡಿಮೆ ಅಂದ್ರೂ ಅಷ್ಟೇ ಕಬ್ಬಿಣ ಉಳೀಬೇಕು. ತೂತು ಗ್ಯಾಸ್ ಕಟಿಂಗಲ್ಲಿ ಹೊಡೀಬೇಡಿ, ಡ್ರಿಲ್ ಮಾಡ್ಸಿ. ಎರಡು ಶ್ಯಾಕಲ್ ಜಾಗ, ಎರಡೂ ಚಾಸಿ ತೊಲೆಯ ನೇರಕ್ಕೆ, ಮಧ್ಯದಲ್ಲಿ ಬೇಡ. ಟ್ರೈಲರ್ ಸಿಕ್ಕಿಸೋ ಗುಂಡು (ಟ್ರೈಲರ್ ಬಾಲ್) ಇದ್ರೆ ಅದಕ್ಕೆ ಬೆಲ್ಟ್ ಹಾಕಿ ಎಳೆಯೋದು ಅಂತೂ ಯಾವತ್ತೂ ಮಾಡ್ಬೇಡಿ, ಮುರಿದ್ರೆ ಗುಂಡಿನ ಥರ ಹಾರುತ್ತೆ.

ಸಿ ಚಾನೆಲ್ ಬಗ್ಗೆ ಕೇಳ್ತಾರೆ. 100ರ ಚಾನೆಲ್ ತೂಕದಲ್ಲಿ ಬಾಕ್ಸಿಗಿಂತ ಸ್ವಲ್ಪ ಹೆಚ್ಚೇ, ಒಂದು ಕಡೆ ತೆರೆದಿರೋದ್ರಿಂದ ತಿರುಚೋ ಎಳೆತಕ್ಕೆ ಬಾಕ್ಸಿನಷ್ಟು ನಿಲ್ಲಲ್ಲ. ಒಳಗೆಲ್ಲ ಕೈ ಹೋಗುತ್ತೆ, ಪೇಂಟ್ ಮಾಡೋದು ಸುಲಭ, ತುಕ್ಕು ಕಣ್ಣಿಗೆ ಕಾಣುತ್ತೆ, ಹಳ್ಳಿ ಶಾಪಲ್ಲೂ ಸಿಗುತ್ತೆ. ಬಾಕ್ಸ್ ಸಿಗದ ಕಡೆ ಮಾತ್ರ ಇದು.

ಶೀಟ್ ಮಡಚಿ ಮಾಡೋದು ನೋಡೋಕೆ ಎಲ್ಲಕ್ಕಿಂತ ಚೆಂದ, ಗಾಡಿ ಮೈಗೆ ಅಂಟಿದಂಗೆ ಕೂರುತ್ತೆ, ಚಕ್ರದ ಹಿಂದಿನ ಮೂಲೆನೂ ಮುಚ್ಚುತ್ತೆ. ಆದ್ರೆ ಲೆಕ್ಕ ಹಾಕಿ. ಒಂದು ಚದರ ಮೀಟರ್ ಕಬ್ಬಿಣ ಒಂದು ಮಿಮೀ ದಪ್ಪಕ್ಕೆ 7.85 ಕೆಜಿ ತೂಗುತ್ತೆ. ಬಂಪರ್‌ಗೆ ಮುಕ್ಕಾಲು ಚದರ ಮೀಟರ್ ಶೀಟ್ ಬೇಕಾಗುತ್ತೆ ಅಂತ ಇಟ್ಕೊಂಡ್ರೆ ಮೂರು ಮಿಮೀಗೆ 18 ಕೆಜಿ ಹತ್ತಿರ, ಐದು ಮಿಮೀಗೆ 29 ಕೆಜಿ ಮೇಲೆ, ಇದು ಬರೀ ಚರ್ಮದ್ದು, ಒಳಗಿನ ಪಟ್ಟಿ ಬ್ರಾಕೆಟ್ ಶ್ಯಾಕಲ್ ಪ್ಲೇಟು ಬೇರೆ. ಸ್ನೇಹಿತರ ಗೂರ್ಖಾಗೆ ನಾಲ್ಕು ಮಿಮೀ ಹಾಕ್ಸಿದ್ವಿ, ಅದು ದೊಡ್ಡ ಗಾಡಿ, ತಡ್ಕೊಳ್ತು. ಭಾವನೂ ಅದೇ ಬೇಕು ಅಂತ ಹಟ ಹಿಡಿದಿದ್ರು, ಜಿಪ್ಸಿ ಸಾವಿರ ಕೆಜಿ ಸುಮಾರಿನ ಗಾಡಿ, ಅದರ ಬಾಲಕ್ಕೆ ನಲ್ವತ್ತು ಕೆಜಿ ಕಟ್ಟೋದು ಸರಿ ಅಲ್ಲ ಭಾವ ಅಂತ ಎರಡು ದಿನ ಹೇಳಿ ಒಪ್ಪಿಸ್ಬೇಕಾಯ್ತು, ಕೊನೆಗೆ ಪೈಪಿಂದೇ ಮಾಡ್ಸಿ ಎಳೆಯೋಕೆ ಚಾಸಿಗೆ ನೇರವಾಗಿ ಬೋಲ್ಟ್ ಆಗೋ ಬೇರೆ ಕೊಂಡಿ ಕೊಟ್ವಿ. ಶೀಟ್ ಕೆಲಸಕ್ಕೆ ಡ್ರಾಯಿಂಗ್ ಬೇಕು, ಲೇಸರ್ ಕಟಿಂಗ್ ಬೇಕು, ಬೆಂಡಿಂಗ್ ಮಷೀನ್ ಬೇಕು, ಪೀಣ್ಯಕ್ಕೆ ಕೊಟ್ಟು ತರಿಸ್ಕೊಂಡು ಇಲ್ಲಿ ವೆಲ್ಡಿಂಗ್ ಮಾಡ್ಸೋರೂ ಇದಾರೆ. ಮೊದಲು ರಟ್ಟಿನಲ್ಲಿ ಕತ್ತರಿಸಿ ಗಾಡಿಗೆ ಹಿಡಿದು ನೋಡ್ಕೊಳ್ಳಿ, ಫ್ರಿಜ್ ಬಂದ ರಟ್ಟಿನ ಡಬ್ಬ ಆದ್ರೆ ಒಂದೇ ತುಂಡಲ್ಲಿ ಸಾಕಾಗುತ್ತೆ. ಗ್ರೈಂಡರಲ್ಲಿ ಗೆರೆ ಕೊಯ್ದು ಕೈಯಲ್ಲಿ ಮಡಚಿ ಮೇಲೆ ವೆಲ್ಡಿಂಗ್ ತುಂಬೋದೂ ಉಂಟು, ಅಂಥ ಕಡೆ ಶೀಟ್ ಎಳ್ಕೊಂಡು ಅಲೆಅಲೆಯಾಗುತ್ತೆ, ತಾಳ್ಮೆ ಇರೋ ವೆಲ್ಡರ್ ಆದ್ರೆ ಮಾತ್ರ ಕೊಡಿ.

ರೆಡಿಮೇಡ್ ತಗೊಳ್ಳೋದಾದ್ರೆ ತಲೆನೋವಿಲ್ಲ, ತೂತು ಎಲ್ಲಾ ಅಳತೆಗೆ ಇರುತ್ತೆ. ತೂಕ ಕೇಳಿ, ಶ್ಯಾಕಲ್ ಪ್ಲೇಟ್ ಆರಪಾರ ಇದ್ಯಾ ಬರೀ ಮುಖಕ್ಕೆ ಅಂಟಿಸಿದಾರಾ ಅಂತ ಹಿಂದಿನಿಂದ ಕೈ ಹಾಕಿ ನೋಡಿ. ಅಷ್ಟೇ.

ಫಾರ್ಮ್ ಜ್ಯಾಕ್ (ಗಾಡಿ ಎತ್ತೋ ಉದ್ದನೆ ಜ್ಯಾಕ್) ಇಟ್ಕೊಂಡಿರೋರಿಗೆ ಒಂದು ಮಾತು, ದುಂಡು ಪೈಪಿಗೆ ಜ್ಯಾಕಿನ ನಾಲಿಗೆ ಜಾರುತ್ತೆ, ಬಾಕ್ಸಿಗೆ ಕೂರುತ್ತೆ, ಆದ್ರೆ ಕೆಸರಾಗಿದ್ರೆ ಅದೂ ಜಾರುತ್ತೆ, ಕೆಳಗೆ ಎರಡು ಸಣ್ಣ ತಡೆಪಟ್ಟಿ ವೆಲ್ಡ್ ಮಾಡಿಸ್ಕೊಳ್ಳಿ.

ಯಾವುದೇ ಮಾಡ್ಸಿ, ಚಾಸಿಗೆ ವೆಲ್ಡಿಂಗ್ ಮಾಡ್ಬೇಡಿ. ಥಾರ್, ಜಿಪ್ಸಿ, ಜಿಮ್ನಿ, ಗೂರ್ಖಾ, ಬೊಲೆರೊ ಎಲ್ಲಕ್ಕೂ ಏಣಿ ಥರದ ಚಾಸಿ ಇದೆ, ಅದರ ತುದೀಲಿ ಕಂಪ್ನಿ ಕೊಟ್ಟಿರೋ ತೂತುಗಳನ್ನೇ ಹುಡುಕಿ ಬಳಸಿ. ಬೋಲ್ಟ್ ತಲೆ ಮೇಲೆ 8.8 ಅಥವಾ 10.9 ಅಂತ ಒತ್ತಿರ್ಬೇಕು, ಏನೂ ಬರೀದೇ ಇರೋದನ್ನ ತಗೋಬೇಡಿ, ನಟ್ ನೈಲಾಕ್ (ಸಡಿಲ ಆಗದಂಗೆ ಒಳಗೆ ನೈಲಾನ್ ಬಳೆ ಇರೋದು) ಆಗಿರ್ಲಿ. ಟೊಳ್ಳಾಗಿರೋ ಚಾಸಿ ತೊಲೆಯ ಆರಪಾರ ಬೋಲ್ಟ್ ಹೋಗೋದಾದ್ರೆ ಒಳಗೆ ಒಂದು ಪೈಪಿನ ಬುಶ್ ಇಡ್ಬೇಕು, ಇಲ್ದಿದ್ರೆ ಬಿಗಿ ಮಾಡ್ದಂಗೆ ಗೋಡೆ ಒಳಕ್ಕೆ ಕುಸಿಯುತ್ತೆ, ಬೋಲ್ಟ್ ಬಿಗಿನೂ ನಿಲ್ಲಲ್ಲ. ಗಾಡಿ ಮೈಗೂ ಬಂಪರ್‌ಗೂ ನಡುವೆ ಎರಡು ಬೆರಳು ತೂರೋಷ್ಟು ಸಂದು ಬಿಡಿಸಿ. ಮೈ ಕೂತಿರೋದು ರಬ್ಬರ್ ಮೇಲೆ, ಬಂಪರ್ ಇರೋದು ಚಾಸಿ ಮೇಲೆ, ಹಳ್ಳದಲ್ಲಿ ಎರಡೂ ಬೇರೆ ಬೇರೆ ಕುಣಿಯುತ್ತೆ, ಸಂದು ಇಲ್ದಿದ್ರೆ ಮೊದಲನೇ ದಿನವೇ ಪೇಂಟ್ ಎದ್ದು ಬರುತ್ತೆ. ಹಿಂದಿನ ಬಾಗಿಲು ಪೂರ್ತಿ ತೆರೆದು ನೋಡ್ದೆ ಫೈನಲ್ ವೆಲ್ಡಿಂಗ್ ಮಾಡ್ಸಬೇಡಿ.

ವೆಲ್ಡಿಂಗ್ ಕ್ರಮ ಹೀಗಿರ್ಲಿ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಅರ್ಥಿಂಗ್ ಕ್ಲ್ಯಾಂಪನ್ನ ವೆಲ್ಡ್ ಮಾಡೋ ತುಂಡಿಗೇ ಹಚ್ಚಿಸಿ, ಡೀಸೆಲ್ ಟ್ಯಾಂಕ್ ಕಡೆ ಒದ್ದೆ ಗೋಣಿಚೀಲ ಮುಚ್ಚಿ, ಗಾಡಿ ಮೇಲೆ ಬರೀ ಟ್ಯಾಕ್ (ಅಲ್ಲಲ್ಲಿ ಚುಕ್ಕಿ ವೆಲ್ಡಿಂಗ್) ಹಾಕ್ಸಿ. ಪೂರ್ತಿ ವೆಲ್ಡಿಂಗ್ ಕೆಳಗಿಳಿಸಿದ ಮೇಲೆ, ಬ್ರಾಕೆಟ್‌ಗಳನ್ನ ಒಂದು ಅಡ್ಡ ಪಟ್ಟಿಗೆ ಬಿಗಿದು ಮಾಡ್ಸಿ, ಇಲ್ಲಾಂದ್ರೆ ಬಿಸಿಗೆ ಎಳ್ಕೊಂಡು ಬೋಲ್ಟ್ ತೂತು ಕೂಡೋದೇ ಇಲ್ಲ. ಶೀಟ್‌ಗೂ ಪೈಪ್‌ಗೂ ಎಂಐಜಿ (ರಾಡ್ ಬದಲು ತಂತಿ ತಾನಾಗೇ ಬರೋ ವೆಲ್ಡಿಂಗ್ ಮಷೀನ್) ಇದ್ರೆ ಒಳ್ಳೇದು. ದಪ್ಪ ಪ್ಲೇಟಿಗೆ ಆರ್ಕ್ ಆದ್ರೆ 7018 ರಾಡ್, ಅದು ಒಣಗಿರ್ಬೇಕು, ಮಳೆಗಾಲದಲ್ಲಿ ತೇವ ಹಿಡಿದ ರಾಡಲ್ಲಿ ಹೊಡೆದ್ರೆ ವೆಲ್ಡಿಂಗ್ ಒಳಗೇ ಬಿರುಕು ಬಿಡುತ್ತೆ.

ಬಾಕ್ಸಿನ ತುದಿ ಮುಚ್ಚೋಕೆ ಮುಂಚೆ ಕೆಳಗೆ ಎರಡು ಹತ್ತು ಮಿಮೀ ತೂತು ಹೊಡೆಸಿ, ನೀರು ಹೊರಗೆ ಹೋಗ್ಬೇಕು. ಪೌಡರ್ ಕೋಟಿಂಗ್ ಅಂದ್ರೆ 180ರಿಂದ 200 ಡಿಗ್ರಿ ಒಲೇಲಿ ಬೇಯಿಸೋದು, ಸಿಟಿಲೇ ಹೆಚ್ಚು ಓಡೋ ಗಾಡಿಗೆ ಅದು ಚೆನ್ನಾಗಿರುತ್ತೆ. ಬಂಡೆಗೆ ಉಜ್ಜೋ ಗಾಡಿಗೆ ನಾನು ಎಪಾಕ್ಸಿ ಪ್ರೈಮರ್ ಮೇಲೆ ಮಾಮೂಲಿ ಕಪ್ಪು ಪೇಂಟನ್ನೇ ಹೇಳೋದು. ಪೌಡರ್ ಒಂದು ಕಡೆ ಕಿತ್ರೆ ಅದರ ಅಡಿಯಿಂದ ತುಕ್ಕು ಹರಡುತ್ತೆ, ಮೇಲೆ ಏನೂ ಕಾಣಲ್ಲ, ಪೇಂಟ್ ಆದ್ರೆ ಭಾನುವಾರ ಉಜ್ಜಿ ಬ್ರಷಲ್ಲಿ ಹಚ್ಚಿದ್ರೆ ಆಯ್ತು.

ಕಾನೂನು ವಿಷ್ಯ ಮರೀಬೇಡಿ. 2017ರ ಡಿಸೆಂಬರಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಎಲ್ಲಾ ರಾಜ್ಯಗಳಿಗೂ ಪತ್ರ ಬರೆದು, ಗಾಡಿಗೆ ಹೊರಗಿಂದ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಹಾಕ್ಸೋದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ, ಕ್ರಮ ತಗೊಳ್ಳಿ ಅಂತ ಹೇಳಿದೆ. ರಸ್ತೇಲಿ ಯಾರಾದ್ರೂ ನಿಲ್ಲಿಸಿದ್ರೆ ಹಿಂದಿಂದು ಬೇರೆ ಮುಂದಿಂದು ಬೇರೆ ಅಂತ ವಾದ ಮಾಡಿ ಉಪಯೋಗ ಇಲ್ಲ. ಅದಕ್ಕೇ ಬೋಲ್ಟಿಂದು ಮಾಡ್ಸಿ, ಕಂಪ್ನಿ ಬಂಪರ್ ಎಸೀಬೇಡಿ, ಒಂದು ಗಂಟೇಲಿ ವಾಪಸ್ ಹಾಕೋ ಹಾಗಿರ್ಲಿ. ನಾನು ತೋಟದ ಸೀಸನ್ ಮುಗಿದ ಮೇಲೆ ಪ್ಲಾಸ್ಟಿಕ್ಕೇ ಹಾಕ್ತೀನಿ, ಅದರ ಮುರಿದ ಕ್ಲಿಪ್ಪುಗಳನ್ನೆಲ್ಲ ಹೊಸದು ತರಿಸಿದೀನಿ. ಬಂಪರ್ ಮೇಲೆ ನಂಬರ್ ಪ್ಲೇಟ್, ಅದರ ಲೈಟ್, ಕೆಂಪು ರಿಫ್ಲೆಕ್ಟರ್ ಇದ್ರೆ ಹೊಸದರ ಮೇಲೂ ಕಾಣೋ ಜಾಗದಲ್ಲೇ ಬರ್ಬೇಕು. 2019ರ ಜುಲೈ ನಂತರದ ಗಾಡೀಲಿ ರಿವರ್ಸ್ ಸೆನ್ಸರ್ ಇದ್ದೇ ಇರುತ್ತೆ, ಕಬ್ಬಿಣಕ್ಕೆ ಕೂರಿಸುವಾಗ ಸುತ್ತ ರಬ್ಬರ್ ಬುಶ್ ಹಾಕ್ಸಿ, ಇಲ್ಲಾಂದ್ರೆ ಸುಮ್ಸುಮ್ನೆ ಕೂಗುತ್ತೆ.

ಕೊನೇದಾಗಿ ಅಂಚಿನ ವಿಷ್ಯ. ನಾವು ಇದೇ ಗಾಡೀನ ತುಮಕೂರಿನ ಬಿಎಚ್ ರೋಡಲ್ಲಿ ಸಂಜೆ ಟ್ರಾಫಿಕ್ಕಲ್ಲೂ ಓಡಿಸ್ತೀವಿ, ಹಿಂದೆ ಸ್ಕೂಟಿಲಿ ಮಕ್ಕಳನ್ನ ಕೂರಿಸ್ಕೊಂಡು ಬರ್ತಿರ್ತಾರೆ. ಪ್ಲಾಸ್ಟಿಕ್ ಬಂಪರ್‌ಗೆ ಗುದ್ದಿದ್ರೆ ಅದು ಮುದುಡುತ್ತೆ, ನಮ್ಮ ಬಾಕ್ಸ್ ಮುದುಡಲ್ಲ. ಎಲ್ಲಾ ಮೂಲೆ ಗ್ರೈಂಡರಲ್ಲಿ ದುಂಡಗೆ ಮಾಡ್ಸಿ, ಶ್ಯಾಕಲ್‌ಗಳನ್ನ ಊರೊಳಗೆ ಬರುವಾಗ ಬಿಚ್ಚಿ ಸೀಟ್ ಕೆಳಗಿಡಿ, ಶ್ಯಾಕಲ್ ಪ್ಲೇಟ್ ಅಂತೂ ಎಷ್ಟು ಬೇಕೋ ಅಷ್ಟೇ ಹೊರಗೆ ಬರ್ಲಿ. ನನ್ನದು ಮೊದಲು ಆರು ಸೆಂಟಿಮೀಟರ್ ಆಚೆ ಇತ್ತು, ಮೇಸ್ತ್ರಿ ಹತ್ರ ವಾಪಸ್ ಹೋಗಿ ಪಿನ್ ತಿರುಗೋಕೆ ಎಷ್ಟು ಬೇಕೋ ಅಷ್ಟು ಬಿಟ್ಟು ಮಿಕ್ಕಿದ್ದು ಕೊಯ್ಸಿ ಅಂಚು ಉಜ್ಜಿಸಿದೆ. ಹಾಕ್ಸಿದ ಮೇಲೆ ನೂರು ಕಿಲೋಮೀಟರ್ ಓಡಿಸಿ ಬೋಲ್ಟ್ ಎಲ್ಲಾ ಇನ್ನೊಂದ್ಸಲ ಬಿಗಿ ಮಾಡ್ಸಿ, ಬಿಗಿ ಆದ ಮೇಲೆ ನಟ್‌ನಿಂದ ಪ್ಲೇಟಿಗೆ ಬಿಳಿ ಪೇಂಟಲ್ಲಿ ಒಂದು ಗೆರೆ ಎಳೆದಿಡಿ, ಗೆರೆ ತಪ್ಪಿದ್ರೆ ಸಡಿಲ ಆಗಿದೆ ಅಂತ ದೂರದಿಂದ್ಲೇ ಗೊತ್ತಾಗುತ್ತೆ.